ಅಕ್ಕನ ಕಾಲು, ನನ್ನ ಲೇತು

ಮಾರ್ಚ್ ೩, ಸೋಮವಾರ

ಮರ ಕಡೆಯುವ ಲೇತು ಬಂತು. ನಾಲ್ಕು ಜನ ಹೊತ್ತು ತಂದು ಮನೆಯ ಪಕ್ಕದ ಕಾರ್ ಶೆಡ್ಡಿನಲ್ಲಿ ಇಳಿಸಿ ಹೋದರು. ನನಗೆ ಕಾರಿಲ್ಲ. ಈ ಬಾಡಿಗೆ ಮನೆಗೆ ಆ ಶೆಡ್ಡು ಯಾಕಿದೆ ಎಂದು ಹನ್ನೆರಡು ವರ್ಷದಿಂದ ಯೋಚಿಸುತ್ತಿದ್ದೆ, ಇವತ್ತು ಉತ್ತರ ಸಿಕ್ಕಿತು.

ಮಾರಿದವರು ನಲವತ್ತು ವರ್ಷ ಬುಗುರಿ ಕಡೆದವರು. ಕಣ್ಣು ಮಂಜಾಯಿತೆಂದು ಅಂಗಡಿ ಮುಚ್ಚಿದರಂತೆ. ಯಂತ್ರದ ಜೊತೆಗೆ ಒಂದು ರಟ್ಟಿನ ಪೆಟ್ಟಿಗೆಯನ್ನೂ ಕೊಟ್ಟರು. ಅದರಲ್ಲಿ ನಲವತ್ತು ಪೆನ್ನುಗಳಿಗೆ ಆಗುವಷ್ಟು ಹಿತ್ತಾಳೆಯ ಕೊಳವೆ, ಮೂತಿ, ಕ್ಲಿಪ್ಪು, ರೀಫಿಲ್ಲು ಇವೆ.

"ಯಾರೋ ಮಾರಾಟದವನು ನನ್ನ ತಲೆಗೆ ಕಟ್ಟಿ ಹೋದ. ನಾನು ಬುಗುರಿಯೋನು, ಪೆನ್ನು ನಂಗೆ ಬರಲ್ಲ. ನೀವು ಓದಿದೋರು, ಮಾಡ್ಕೊಳ್ಳಿ," ಎಂದರು.

ಪೆಟ್ಟಿಗೆಯೊಳಗಿನ ಕಾಗದದ ಪ್ರಕಾರ ಕೆಲಸ ಸುಲಭ. ಬೆರಳುದ್ದದ ಮರದ ತುಂಡಿಗೆ ನಡುಮಧ್ಯದಲ್ಲಿ ಉದ್ದಕ್ಕೂ ತೂತು ಕೊರೆಯಬೇಕು. ತೂತಿನೊಳಗೆ ಕೊಳವೆ ಅಂಟಿಸಬೇಕು. ಅದನ್ನು ಲೇತಿನ ಸಲಾಕೆಗೆ ಪೋಣಿಸಿ, ಗರಗರ ತಿರುಗುವಾಗ ಉಳಿ ಹಿಡಿದು ಕಡೆಯಬೇಕು. ಉಜ್ಜಿ ಹೊಳಪು ಕೊಡಬೇಕು. ಎರಡು ತುದಿಗೆ ಮೂತಿ, ಕ್ಲಿಪ್ಪು ಒತ್ತಿ ಕೂರಿಸಬೇಕು. ಐದೇ ಹೆಜ್ಜೆ. ದೂರವಾಣಿ ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು ಎದ್ದವಳಿಗೆ ಇದೇನು ಮಹಾ. ಭಾನುವಾರದೊಳಗೆ ಮೊದಲ ಪೆನ್ನು ಕೈಯಲ್ಲಿರುತ್ತದೆ.

ಮಾರ್ಚ್ ೫, ಬುಧವಾರ

ಭಾವ ಫೋನು ಮಾಡಿದರು. ಅಕ್ಕ ಸ್ಟೂಲಿನ ಮೇಲಿಂದ ಬಿದ್ದು ಪಾದದ ಗಂಟಿನ ಹತ್ತಿರ ಮೂಳೆ ಮುರಿದುಕೊಂಡಿದ್ದಾಳೆ. ಬಲ್ಬು ಬದಲಾಯಿಸಲು ಹತ್ತಿದ್ದಳಂತೆ.

"ನಾನು ಚಹಾ ಕುಡಿದು ಹಾಕ್ತೀನಿ ಅಂದೆ. ನೀವು ಚಹಾ ಕುಡಿಯೋಷ್ಟರಲ್ಲಿ ಇನ್ನೊಂದು ಬಲ್ಬೂ ಹೋಗುತ್ತೆ ಅಂದ್ಲು," ಎಂದರು ಭಾವ.

ಆರು ವಾರ ಪ್ಲಾಸ್ಟರು. ಅವರದು ಮೂರನೇ ಮಹಡಿ, ಲಿಫ್ಟಿಲ್ಲ. ಆಸ್ಪತ್ರೆಗೆ ಹೋಗಿ ಬರುವುದು ಹೇಗೆ ಎಂದು ಹೇಳುತ್ತಾ ಹೇಳುತ್ತಾ ಭಾವ, "ನಿಮ್ಮನೆಗೆ ಮೆಟ್ಟಿಲೇ ಇಲ್ಲ ಅಲ್ವಾ," ಎಂದರು. ಇದೆ ಎಂದು ಹೇಳುವ ಹಾಗಿರಲಿಲ್ಲ. ಒಂದೇ ಒಂದು ಮೆಟ್ಟಿಲಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾರರು.

ಆರು ವಾರವೆಂದರೆ ನಲವತ್ತೆರಡು ದಿನ.

ಮಾರ್ಚ್ ೬, ಗುರುವಾರ

ಅಕ್ಕ ಬಂದಳು. ಮೂವತ್ತೆರಡು ವರ್ಷ ನರ್ಸಾಗಿದ್ದವಳು, ಅದರಲ್ಲಿ ಹದಿನಾಲ್ಕು ವರ್ಷ ಹೆಡ್ ನರ್ಸ್. ಒಂಟಿ ಕಾಲಿನಲ್ಲಿ ಕುಂಟುತ್ತಲೇ ಮನೆಯನ್ನೆಲ್ಲ ವಾರ್ಡಿನ ಹಾಗೆ ಸುತ್ತಿದಳು. ಮಂಚವನ್ನು ಮೂರು ಸಲ ಸರಿಸಿದೆ. ಕೊನೆಗೆ ಶೆಡ್ಡಿನ ಕಡೆ ಕಿಟಕಿ ಇರುವ ಕೋಣೆಯೇ ಬೇಕೆಂದಳು. ಕರೆಯಲು ಸ್ಟೀಲಿನ ಲೋಟ, ಚಮಚ ಇಟ್ಟುಕೊಂಡಿದ್ದಾಳೆ. ಮಧ್ಯಾಹ್ನದೊಳಗೆ ಹನ್ನೊಂದು ಸಲ ಬಾರಿಸಿದಳು.

"ಪುಟ್ಟಿ, ನಿನ್ನ ದಿಂಬು ಯಾಕೆ ಇಷ್ಟು ಗಟ್ಟಿ?"

ನನಗೆ ಐವತ್ತೆಂಟು ವರ್ಷ. ನಮ್ಮ ಕಚೇರಿಯಲ್ಲಿ ಪ್ರತಿ ದೂರಿಗೂ ಒಂದು ಸಂಖ್ಯೆ ಕೊಟ್ಟು, ಏಳು ದಿನದೊಳಗೆ ನೋಡುತ್ತೇವೆ ಎಂದು ಹೇಳುವ ಸೌಕರ್ಯವಿತ್ತು. ಇಲ್ಲಿ ಅದಿಲ್ಲ.

ಅಮ್ಮ ಹೋದಮೇಲೆ, ಈ ಒಂಬತ್ತು ವರ್ಷದಲ್ಲಿ ನಾವು ಚೆನ್ನಾಗಿಯೇ ಇದ್ದೆವು. ತಿಂಗಳಿಗೊಂದು ಫೋನು. ಆರೋಗ್ಯ, ಹವೆ, ಭಾವನ ಕೆಮ್ಮು, ಇಟ್ಟುಬಿಡುವುದು. ಅದಕ್ಕಿಂತ ಹೆಚ್ಚು ಮಾತಾಡಿದರೆ ಆ ದಿನದ ವಿಷಯ ಬರುತ್ತದೆ. ಆ ದಿನ ಅಕ್ಕ ಆಸ್ಪತ್ರೆಯಿಂದ ಫೋನು ಮಾಡಿ, "ಅಮ್ಮ ಪರವಾಗಿಲ್ಲ, ನೀನು ಡ್ಯೂಟಿ ಬಿಟ್ಟು ಬರಬೇಡ, ನಾಳೆ ಬಾ," ಎಂದಳು. ಮಧ್ಯಾಹ್ನ ಮೂರಕ್ಕೆ ಅಮ್ಮ ಹೋದಳು. ನಾನು ಯಾರದೋ ಮನೆಯ ಫೋನಿನ ಕರಕರ ಶಬ್ದದ ದೂರು ಬರೆದುಕೊಳ್ಳುತ್ತಿದ್ದೆ. ಹೆಡ್ ನರ್ಸಿಗೆ ಗೊತ್ತಾಗದೆ ಇರುತ್ತದೆಯೆ? ಇರಲಿ.

ನಲವತ್ತೊಂದು ದಿನ.

ಮಾರ್ಚ್ ೯, ಭಾನುವಾರ

ಮೊದಲ ಪೆನ್ನಿನ ಮರಕ್ಕಾಗಿ ಮುರಿದ ಕುರ್ಚಿಯೊಂದರ ಕಾಲು ಕತ್ತರಿಸಿದೆ. "ಕುರ್ಚಿ ಕಾಲಾಯ್ತು, ಮುಂದೆ ನನ್ನದೇ. ನಾನು ಬಾಗಿಲು ಹಾಕ್ಕೊಂಡು ಮಲಗ್ತೀನಿ," ಎಂದಳು ಅಕ್ಕ ಕಿಟಕಿಯಿಂದ.

ತೂತು ಕೊರೆದೆ. ಮೇಲಿನಿಂದ ನಡುಮಧ್ಯಕ್ಕೆ ಹೋದ ಬೈರಿಗೆಯ ಮೊನೆ ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಪಕ್ಕದಿಂದ ಹೊರಬಂತು. ಎರಡನೇ ತುಂಡು, ಇನ್ನೊಂದು ಪಕ್ಕ. ಮೂರನೆಯದು ನೆಟ್ಟಗೆ ಬಂತು, ಆದರೆ ನಾನು ಕೊರೆದದ್ದು ಕೊಳವೆಗಿಂತ ಸಣ್ಣ ತೂತು.

ಲೋಟದ ಸದ್ದಾಯಿತು. ಓಡಿದೆ. "ಏನಿಲ್ಲ. ಶಬ್ದ ನಿಂತಿತ್ತಲ್ಲ, ಬದುಕಿದೀಯ ಇಲ್ವಾ ಅಂತ ನೋಡಿದೆ," ಎಂದಳು.

ಮಾರ್ಚ್ ೧೧, ಮಂಗಳವಾರ

ಬಲಗೈಯ ಮೂರು ಬೆರಳು ಬಿಗಿದುಕೊಂಡಿರುವುದರಿಂದ ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಕೊಳವೆ ಅಂಟಿಸುವ ಅಂಟು ಒಂದು, ಎರಡು, ಮೂರು ಎಣಿಸುವುದರೊಳಗೆ ಹಿಡಿಯುತ್ತದೆ. ಕೊಳವೆ ತೂತಿನೊಳಗೆ ಅರ್ಧ ಹೋಗಿ ನಿಂತಿತು. ತಳ್ಳಿದೆ. ಹೋಗಲಿಲ್ಲ. ಎಳೆದೆ. ಅಷ್ಟರಲ್ಲಿ ನಾನು, ಕೊಳವೆ, ಕುರ್ಚಿಯ ಕಾಲು ಮೂರೂ ಒಂದೇ ವಸ್ತುವಾಗಿದ್ದೆವು. ಒಳಗೆ ಹೋಗಿ ಅಕ್ಕನ ಮುಂದೆ ಕೈ ಚಾಚಿದೆ.

ಅಕ್ಕ ಕನ್ನಡಕ ಹಾಕಿಕೊಂಡಳು. ಬಿಸಿನೀರು, ಸಾಬೂನು, ಎಣ್ಣೆ ಎಂದು ಒಂದೊಂದೇ ಕೇಳಿದಳು, ನಾನೇ ಆ ಕೈಯಲ್ಲೇ ತಂದುಕೊಟ್ಟೆ. ಆಮೇಲೆ ಪಕ್ಕದ ಮನೆಯವರ ಉಗುರುಬಣ್ಣ ಅಳಿಸುವ ದ್ರವ ಇಸಿದುಕೊಂಡು ಬಂದೆ. ಅಕ್ಕ ನನ್ನ ಕೈಯನ್ನು ಬಟ್ಟಲಲ್ಲಿ ಇಳಿಸಿ ಅಲುಗಾಡದಂತೆ ಹಿಡಿದುಕೊಂಡು ಕೂತಳು. ಅರ್ಧ ಗಂಟೆಯಾಯಿತು.

"ಎಳೀಬೇಡ. ಎಳೆದ್ರೆ ಚರ್ಮ ಬರುತ್ತೆ. ತಾನಾಗೇ ಬಿಡುತ್ತೆ, ಸುಮ್ನಿರು."

ಮುರಿದ ಕಾಲಿನವಳು ನನ್ನ ಆರೈಕೆ ಮಾಡುವಂತಾಯಿತು. ಬಹಳ ಖುಷಿಯಾಗಿದ್ದಳು. ಸಂಜೆ ಲೋಟ ಬಾರಿಸಲೇ ಇಲ್ಲ.

ಮೂವತ್ತಾರು ದಿನ.

ಮಾರ್ಚ್ ೧೪, ಶುಕ್ರವಾರ

ಏಳನೇ ತುಂಡು. ಸಲಾಕೆಗೆ ಪೋಣಿಸಿ ಲೇತು ಹಾಕಿ ಉಳಿ ತಗುಲಿಸಿದೆ. ಮರ ಢಮಾರೆಂದು ಒಡೆದು ಒಂದು ಚೂರು ಕಿಟಕಿಯಿಂದ ಒಳಗೆ ಹೋಯಿತು. ಅಕ್ಕ ಅದನ್ನು ತಟ್ಟೆಯಲ್ಲಿಟ್ಟು ವಾಪಸು ಕೊಟ್ಟಳು.

ಊಟ ಬೇಡವೆನಿಸಿತು. ಅವಳೇ ಕರೆದು ಬಡಿಸು ಎಂದಳು, ಇಬ್ಬರಿಗೂ.

ಮಾರ್ಚ್ ೧೬, ಭಾನುವಾರ

ಭಾವ ಅಕ್ಕನ ಬಟ್ಟೆ ತಂದಿದ್ದರು. ಇಸ್ತ್ರಿಯಿಲ್ಲದ ಅಂಗಿ, ಬಾಯಲ್ಲಿ ಯಾವುದೋ ಹಾಡು. ದಿನಾ ಒಂಬತ್ತಕ್ಕೆ ಏಳುತ್ತಾರಂತೆ. ರೇಡಿಯೋ ಅಡುಗೆಮನೆಗೆ ಬಂದಿದೆಯಂತೆ. ಹೋಗುವಾಗ, "ಅವಸರ ಮಾಡಬೇಡ, ಮೂಳೆ ಪೂರ್ತಿ ಕೂಡಲಿ," ಎಂದು ಅಕ್ಕನಿಗೆ ಎರಡು ಸಲ ಹೇಳಿದರು.

ಅವರು ಗೇಟು ದಾಟಿದಮೇಲೆ ಅಕ್ಕ, "ದಪ್ಪ ಆಗಿದಾರೆ," ಎಂದಳು.

"ಇಲ್ಲಪ್ಪ, ಹಾಗೇ ಇದಾರೆ."

"ನಾನಿಲ್ದೇ ದಪ್ಪ ಆಗಿದಾರೆ ಕಣೇ," ಎಂದು ಗೋಡೆ ಕಡೆ ತಿರುಗಿಕೊಂಡಳು. ಗಟ್ಟಿ ದಿಂಬು ತೆಗೆದು ನನ್ನ ಮೆತ್ತನೆಯದನ್ನು ಕೊಟ್ಟೆ. ಅದೂ ಸರಿಯಿಲ್ಲವಂತೆ.

ಮಾರ್ಚ್ ೧೯, ಬುಧವಾರ

ಕಿಟಕಿಯಿಂದ ಎಷ್ಟು ಅಂತ ಕೂಗುವುದು, ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗು ಎಂದಳು ಅಕ್ಕ. ಬಾಡಿಗೆಗೆ ತಂದ ಗಾಲಿ ಕುರ್ಚಿಯಲ್ಲಿ ತಳ್ಳಿಕೊಂಡು ಹೋಗಿ, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಶೆಡ್ಡಿನ ಮೂಲೆಯಲ್ಲಿ ಕೂರಿಸಿದೆ. ಹಾಳಾದ ತುಂಡುಗಳನ್ನೆಲ್ಲ ಮಡಿಲಿಗೆ ಹಾಕಿಕೊಂಡು ಒಂದೊಂದಾಗಿ ನೋಡಿದಳು. ಆಮೇಲೆ ಒಂದು ಹಳೆಯ ನೋಟ್‌ಬುಕ್ಕು ಕೇಳಿ ಗೆರೆ ಎಳೆದಳು.

ರೋಗಿ ಸಂಖ್ಯೆ ೧. ಕುರ್ಚಿ ಕಾಲು. ಸಾವಿನ ಕಾರಣ: ಓರೆ ತೂತು.
ರೋಗಿ ಸಂಖ್ಯೆ ೨. ಅದೇ ಕುರ್ಚಿ. ಅದೇ ಕಾರಣ. ಪಾಠ ಕಲಿತಿಲ್ಲ.
ರೋಗಿ ಸಂಖ್ಯೆ ೭. ತೇಗ. ತೀವ್ರ ಆಘಾತ. ಕಿಟಕಿಯ ಮೂಲಕ ದಾಖಲು.

"ಇದೆಲ್ಲ ಯಾಕಕ್ಕ?"

"ಹನ್ನೊಂದು ಸತ್ತಿವೆ. ಯಾಕೆ ಸತ್ವು ಅಂತ ಬರೀದೇ ಇದ್ರೆ ಹನ್ನೆರಡನೇದೂ ಸಾಯುತ್ತೆ."

ಸಿಟ್ಟು ಬಂತು. ಆದರೆ ಬರೆದದ್ದನ್ನು ಓದಿದರೆ ಹನ್ನೊಂದರಲ್ಲಿ ಆರು ನಾನು ಉಳಿಯನ್ನು ಒಮ್ಮೆಗೇ ಮರಕ್ಕೆ ಚುಚ್ಚಿದ್ದರಿಂದ ಸತ್ತಿದ್ದವು. ನನಗೆ ಅದು ಗೊತ್ತೇ ಇರಲಿಲ್ಲ.

ಇಪ್ಪತ್ತೆಂಟು ದಿನ.

ಮಾರ್ಚ್ ೨೩, ಭಾನುವಾರ

ಬುಗುರಿಯವರನ್ನು ಕರೆಸಿದೆವು. ಬಸ್ಸಿಳಿದು ಗೋಡೆ ಸವರಿಕೊಂಡೇ ಬಂದರು. ಅಕ್ಕ ನೋಟ್‌ಬುಕ್ಕು ಪೂರ್ತಿ ಓದಿ ಹೇಳಿದಳು. ಅವರು ತಲೆದೂಗುತ್ತಾ ಕೇಳಿ, ಲೇತಿನ ಬೆನ್ನು ತಟ್ಟಿದರು.

"ಉಳಿಗೆ ಬೆನ್ನಿದೆ, ಬಾಯಿದೆ. ನೀವು ಹೋಗ್ತಿದ್ದಂಗೇ ಬಾಯಿ ಹಾಕ್ತೀರಿ. ಮೊದಲು ಬೆನ್ನು ಆನಿಸ್ಬೇಕು. ಮರಕ್ಕೆ ಗೊತ್ತಾಗ್ಲಿ ನೀವು ಬಂದಿದೀರಿ ಅಂತ. ಆಮೇಲೆ ಕೈ ಒಂಚೂರು ಎತ್ತಿ, ಬಾಯಿ ತಾನೇ ಹಿಡಿಯುತ್ತೆ."

ನನ್ನ ಕೈಯ ಮೇಲೆ ಅವರ ಕೈ ಇಟ್ಟರು. ಕಣ್ಣು ಬೇರೆಲ್ಲೋ ಇತ್ತು, ಕಿವಿ ಮರದ ಮೇಲಿತ್ತು. ಉಳಿಯ ತುದಿಯಿಂದ ತೆಳ್ಳಗಿನ ಸುರುಳಿ ಹೊರಟು ನನ್ನ ಮೊಣಕೈವರೆಗೆ ಬಂತು. ಇನ್ನೊಂದು ಬಂತು. ಒಂದು ಅಕ್ಕನ ಪ್ಲಾಸ್ಟರಿನ ಮೇಲೆ ಬಿದ್ದಿತು, ಅವಳು ತೆಗೆಯಲಿಲ್ಲ.

ಅವರು ಹೊರಡುವಾಗ ಅಕ್ಕ, "ನಿಮ್ಮ ಕಣ್ಣಿಗೆ ಪೊರೆ ಬಂದಿರೋದು. ಆಪರೇಷನ್ ಮಾಡಿಸಿದ್ರೆ ಕಾಣುತ್ತೆ, ಯಾಕೆ ಸುಮ್ನೆ ಕೂತಿದೀರಿ," ಎಂದು ಗದರಿ ಡಾಕ್ಟರ ವಿಳಾಸ ಬರೆದುಕೊಟ್ಟಳು. ಅವರು ಗಾಬರಿಯಾಗಿ ಆಗಲಿ ಎಂದರು.

ಮಾರ್ಚ್ ೨೬, ಬುಧವಾರ

ರೋಗಿ ಸಂಖ್ಯೆ ೧೪ ಕಡೆದು ಮುಗಿಯುವವರೆಗೂ ಬದುಕಿತು. ಉಜ್ಜಿದೆ, ಮೇಣ ಹಾಕಿದೆ, ಜೇನಿನ ಬಣ್ಣ ಬಂತು. ಎರಡು ತುದಿಗೂ ಬಿಡಿಭಾಗ ಇಟ್ಟು ಇಕ್ಕುಳದಲ್ಲಿ ಬಿಗಿಯಾಗಿ ಒತ್ತಿದೆ. ಒತ್ತಿ ಕೂರಿಸಿದ್ದನ್ನು ಮತ್ತೆ ತೆಗೆಯಲಾಗುವುದಿಲ್ಲ ಎಂದು ಕಾಗದದಲ್ಲಿ ದಪ್ಪಕ್ಷರದಲ್ಲಿತ್ತು.

ಅಕ್ಕನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ಬರೆಯಲು ಹಿಡಿದಳು.

"ಪುಟ್ಟಿ, ಇದರ ಕ್ಲಿಪ್ಪು ಮೂತಿ ಹತ್ರ ಯಾಕಿದೆ?"

ತಲೆಕೆಳಗಾಗಿ ಕೂರಿಸಿದ್ದೆ. ಜೇಬಿಗೆ ಸಿಕ್ಕಿಸಿದರೆ ಬರೆಯುವ ತುದಿ ಆಕಾಶ ನೋಡುತ್ತದೆ. ಅಕ್ಕ ಮೊದಲು ತುಟಿ ಬಿಗಿಹಿಡಿದಳು. ಆಮೇಲೆ ನಗಲು ಶುರುಮಾಡಿದಳು, ಕಾಲು ನೋಯುತ್ತದೆ ಎನ್ನುತ್ತಲೇ ನಕ್ಕಳು. ನಾನೂ ನಕ್ಕೆ. ಪಕ್ಕದ ಮನೆಯವರು ಬಂದು ಬಗ್ಗಿ ನೋಡಿ ಹೋದರು.

ಸಾವಿನ ಕಾರಣದ ಜಾಗದಲ್ಲಿ "ಹುಟ್ಟುದೋಷ" ಎಂದು ಬರೆದಿದ್ದಾಳೆ.

ಮಾರ್ಚ್ ೩೦, ಭಾನುವಾರ

ಸ್ಯಾಂಡ್‌ಪೇಪರ್ ಕೆಲಸ ಈಗ ಅಕ್ಕನದು. ನಾನು ಕಡೆದು ಕೊಟ್ಟರೆ ಅವಳು ಕುರ್ಚಿಯಲ್ಲಿ ಕೂತೇ ಉಜ್ಜುತ್ತಾಳೆ. ಒರಟಿನಿಂದ ನಯಕ್ಕೆ ಆರು ಬಗೆ ಕಾಗದವನ್ನು ಔಷಧಿಯ ಹಾಗೆ ಡಬ್ಬಿಗಳಲ್ಲಿ ಜೋಡಿಸಿದ್ದಾಳೆ. ನಾನು ಡಬ್ಬಿ ಮುಟ್ಟುವ ಹಾಗಿಲ್ಲ. ಭಾವ ಈ ವಾರ ಬರಲಿಲ್ಲ, ಕೆಮ್ಮಂತೆ.

ಒಂದು ಪೆನ್ನು ಒತ್ತುವಾಗ ಸೀಳಿತು. ಇನ್ನೊಂದರಲ್ಲಿ ರೀಫಿಲ್ಲು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ.

ಏಪ್ರಿಲ್ ೨, ಬುಧವಾರ

ಇವತ್ತು ಜಗಳವಾಯಿತು.

ರೋಗಿ ಸಂಖ್ಯೆ ೧೭. ನಾನು ಕಡೆದವುಗಳಲ್ಲೆಲ್ಲ ಚೆಂದದ್ದು. ನಾನು ಚಹಾ ತರಲು ಹೋಗಿದ್ದಾಗ ಅಕ್ಕ ಇನ್ನೂ ಒಂದು ಸುತ್ತು, ಇನ್ನೂ ಒಂದು ಸುತ್ತು ಎಂದು ಉಜ್ಜಿ, ಮರ ಮೂತಿಗಿಂತ ತೆಳ್ಳಗಾಗಿ, ಕೊಳವೆಯ ಹಿತ್ತಾಳೆ ಕಾಣುತ್ತಿತ್ತು.

"ನನ್ನ ಒಂದು ಮಾತು ಕೇಳಬಾರದಿತ್ತಾ? ಸಾಕಾ, ಬೇಕಾ ಅಂತ?" ಎಂದೆ.

"ನೀನಿರಲಿಲ್ಲ."

"ನಾನು ಅಡುಗೆಮನೇಲಿದ್ದೆ. ಕರೆದಿದ್ರೆ ಬರ್ತಿದ್ದೆ. ಯಾವಾಗ್ಲೂ ಹೀಗೇ. ಎಲ್ಲಾ ನೀನೇ ತೀರ್ಮಾನ ಮಾಡೋದು. ಕರೀಬೇಕು ಅಂತ ನಿಂಗೆ ಅನ್ಸೋದೇ ಇಲ್ಲ."

ಅಕ್ಕ ಕಾಗದ ಕೆಳಗಿಟ್ಟಳು. "ಪೆನ್ನಿನ ವಿಷಯ ಹೇಳ್ತಿದೀಯಾ?"

"ಅಲ್ಲ," ಎಂದೆ.

ಲೇತು ಸುಮ್ಮನೆ ತಿರುಗುತ್ತಿತ್ತು, ಹೋಗಿ ಆರಿಸಿದೆ.

"ಗೊತ್ತಿದ್ದೂ ಕರೀಲಿಲ್ಲ ಅಂತ ಅಂದ್ಕೊಂಡಿದೀಯಾ, ಇಷ್ಟು ವರ್ಷ?" ಎಂದಳು.

"ಮತ್ತೆ? ನಿಂಗೆ ಗೊತ್ತಾಗದೇ ಇರುತ್ತಾ?"

"ಗೊತ್ತಾಗ್ಲಿಲ್ಲ ಕಣೇ," ಎಂದಳು. "ಎಷ್ಟು ಜನರ ಮನೆಯವರಿಗೆ ಈಗಲೇ ಬನ್ನಿ ಅಂತ ಹೇಳಿಕಳಿಸಿದೀನಿ. ಒಂದ್ಸಲಾನೂ ತಪ್ಪಿರಲಿಲ್ಲ. ಅಮ್ಮನ ಮುಖ ನೋಡ್ದೆ, ನಾಳೆಗೆ ಎದ್ದು ಕೂರ್ತಾಳೆ ಅನ್ಸಿತು. ನಿಜವಾಗ್ಲೂ ಅನ್ಸಿತು. ಬೇರೆಯವರಾಗಿದ್ರೆ ಗೊತ್ತಾಗ್ತಿತ್ತು. ನಮ್ಮಮ್ಮ ಆಗಿದ್ದಕ್ಕೆ ಕಣ್ಣೇ ಕಾಣಲಿಲ್ಲ."

"ಇದನ್ನ ನಂಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಹೆಡ್ ನರ್ಸು, ತಪ್ಪಾಯ್ತು ಅಂತಾನಾ? ನೀನು ಬೈದಿದ್ರೆ ಹೇಳ್ತಿದ್ದೆ. ನೀನು ಬೈಲಿಲ್ಲ. ತಿಂಗಳಿಗೊಂದ್ಸಲ ಫೋನ್ ಮಾಡಿ ಹವಾ ಹೇಗಿದೆ ಅಂತ ಕೇಳಿದೆ."

ಅವಳ ಕುರ್ಚಿ ತಳ್ಳಿಕೊಂಡು ಒಳಗೆ ಬಂದೆ.

ಏಪ್ರಿಲ್ ೩, ಗುರುವಾರ

ಲೇತು ಹಾಕಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಹೊಟ್ಟು ಗುಡಿಸಲು ಶೆಡ್ಡಿಗೆ ಹೋದೆ. ನೋಟ್‌ಬುಕ್ಕು ತೆರೆದೇ ಇತ್ತು. ನಾನು ಮಲಗಿದ್ದಾಗ ಒಬ್ಬಳೇ ಕುಂಟಿಕೊಂಡು ಬಂದಿರಬೇಕು, ಬೀಳದೆ ಇದ್ದದ್ದು ಪುಣ್ಯ.

ರೋಗಿ ಸಂಖ್ಯೆ ೧೭. ತೇಗ. ಆರೋಗ್ಯವಾಗಿತ್ತು. ಸಾವಿನ ಕಾರಣ: ನರ್ಸಿನ ತಪ್ಪು.

ಒಳಗೆ ಹೋಗಿ, ಒಬ್ಬಳೇ ಓಡಾಡಿದ್ದಕ್ಕೆ ಚೆನ್ನಾಗಿ ಬೈದೆ. ಒಂಬತ್ತು ವರ್ಷದ್ದನ್ನೂ ಸೇರಿಸಿ ಬೈದೆನೋ ಏನೋ, ಗಂಟಲು ಕಟ್ಟಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು," ಎಂದಳು.

ಏಪ್ರಿಲ್ ೮, ಮಂಗಳವಾರ

ಬಂತು. ಸಂಖ್ಯೆ ೨೧. ಕ್ಲಿಪ್ಪು ಮೇಲೆ, ಮೂತಿ ಕೆಳಗೆ. ಮರಕ್ಕೂ ಲೋಹಕ್ಕೂ ನಡುವೆ ಉಗುರು ತಡೆಯುವುದಿಲ್ಲ. ತಿರುಗಿಸಿದರೆ ರೀಫಿಲ್ಲು ಹೊರಗೆ, ಮತ್ತೆ ತಿರುಗಿಸಿದರೆ ಒಳಗೆ. ಇಬ್ಬರೂ ಸರದಿಯ ಮೇಲೆ ಐವತ್ತು ಸಲ ತಿರುಗಿಸಿದೆವು. ಅಕ್ಕ ಅದೇ ಪೆನ್ನಿನಿಂದ ಬರೆದಳು: "ಗುಣಮುಖ. ಮನೆಗೆ ಕಳಿಸಬಹುದು."

ಬುಗುರಿಯವರಿಗೆ ಫೋನು ಮಾಡಿದೆ. ಮುಂದಿನ ವಾರ ಕಣ್ಣಿನ ಆಪರೇಷನ್ನಂತೆ. "ನಿಮ್ಮಕ್ಕ ಕೇಳಿದ್ರೆ, ಹೋಗ್ತಿದೀನಿ ಅಂತ ಹೇಳಿಬಿಡಿ," ಎಂದರು.

ಏಪ್ರಿಲ್ ೧೩, ಭಾನುವಾರ

ಭಾವ ಬಂದರು. ಹಾಡಿಲ್ಲ. ಅಂಗಿಗೆ ತಾವೇ ಇಸ್ತ್ರಿ ಹಾಕಿದ್ದರು, ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರ ಕಾಣುತ್ತಿತ್ತು.

"ಮೊದಲೆರಡು ವಾರ ಚೆನ್ನಾಗಿತ್ತು," ಎಂದು ಅವರೇ ಒಪ್ಪಿಕೊಂಡರು. "ಆಮೇಲೆ ರೇಡಿಯೋ ಜೊತೆ ವಾದ ಮಾಡಕ್ಕೆ ಶುರು ಮಾಡ್ದೆ. ಅದು ನನ್ನ ಮಾತು ಕೇಳ್ದೇ ಅದರ ಪಾಡಿಗೆ ಮಾತಾಡ್ತಾನೇ ಇರುತ್ತೆ. ನೀನಾದ್ರೆ ಕೇಳಿ ಆಮೇಲೆ ಬೈತೀಯ."

ಅಕ್ಕ, "ತೆಳ್ಳಗಾಗಿದೀರಿ," ಎಂದಳು. ಆ ಸ್ವರದಲ್ಲಿ ಇಷ್ಟೊಂದು ಸಂತೋಷ ನಾನು ಕೇಳಿರಲಿಲ್ಲ.

ಏಪ್ರಿಲ್ ೧೬, ಬುಧವಾರ

ಪ್ಲಾಸ್ಟರು ತೆಗೆದರು. ಒಂದು ವಾರ ಮೆಟ್ಟಿಲು ಹತ್ತಬಾರದು, ಇಲ್ಲೇ ಸಮತಟ್ಟಿನಲ್ಲಿ ನಡೆದು ಅಭ್ಯಾಸ ಮಾಡಲಿ ಎಂದರು ಡಾಕ್ಟರು. ಅಕ್ಕ ನಾಲ್ಕು ದಿನ ಎಂದು ಕೇಳಿಸಿತು ಎನ್ನುತ್ತಾಳೆ. ನನಗೆ ಒಂದು ವಾರ ಎಂದೇ ಕೇಳಿಸಿತು. ಇಪ್ಪತ್ತೊಂಬತ್ತು ವರ್ಷ ಫೋನಿನಲ್ಲಿ ಕೇಳಿಸಿಕೊಂಡ ಕಿವಿ ಇದು, ನಾನು ಬಿಟ್ಟುಕೊಡಲಿಲ್ಲ.

ಏಪ್ರಿಲ್ ೨೩, ಬುಧವಾರ

ಅಕ್ಕ ಹೋದಳು. ಭಾವ ಟ್ಯಾಕ್ಸಿ ತಂದಿದ್ದರು. ನಾನೂ ಜೊತೆಗೆ ಹೋಗಿ ಮೂರು ಮಹಡಿ ಹತ್ತಿಸಿ ಬಂದೆ. ಪ್ರತಿ ಮಹಡಿಯಲ್ಲೂ ಕುರ್ಚಿ ಇಟ್ಟು ಕೂರಿಸಿದೆವು.

ಅಂತೂ ಮನೆ ನನ್ನ ಕೈಗೆ ಬಂತು. ಮಂಚವನ್ನು ಹಳೆಯ ಜಾಗಕ್ಕೆ ಸರಿಸಬೇಕು, ಇವತ್ತು ಸುಸ್ತಾಗಿದೆ. ನಾಳೆಯಿಂದ ಯಾರ ಕಾಟವೂ ಇಲ್ಲದೆ ಕೆಲಸ ಮಾಡಬಹುದು.

ಏಪ್ರಿಲ್ ೨೬, ಶನಿವಾರ

ಬೆಳಗ್ಗೆ ಸಂಖ್ಯೆ ೨೭ ಮುಗಿಯಿತು. ಇದುವರೆಗಿನದರಲ್ಲಿ ಇದೇ ಒಳ್ಳೆಯದು, ಜಂಬಕ್ಕೆ ಹೇಳುತ್ತಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಭೂತಗನ್ನಡಿ ಹಿಡಿದು ನೋಡಿದೆ, ಎಲ್ಲೂ ಒಂದು ಗೀರಿಲ್ಲ. ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಹತ್ತೂವರೆಗೆ ಸ್ಯಾಂಡ್‌ಪೇಪರ್ ತರಲು ಹೊರಟೆ. ನಮ್ಮ ಬೀದಿಯ ತುದಿಯಲ್ಲೇ ಅಂಗಡಿಯಿದೆ, ಆದರೆ ಅಕ್ಕನ ಮನೆ ಕಡೆ ಸಿಗುವ ಕಾಗದ ಬಾಳಿಕೆ ಬರುತ್ತದೆ ಎಂದು ಯಾರೋ ಹೇಳಿದ ನೆನಪು. ಎರಡು ಬಸ್ಸು ಬದಲಾಯಿಸಿದೆ. ಅಷ್ಟು ದೂರ ಹೋಗಿ ನೋಡದೆ ಬಂದರೆ ಚೆನ್ನಾಗಿರುವುದಿಲ್ಲವೆಂದು ಮೂರು ಮಹಡಿ ಹತ್ತಿದೆ. ಪೆನ್ನು ಹೇಗೋ ಚೀಲದಲ್ಲಿತ್ತು.

ಅಕ್ಕ ಕನ್ನಡಕ ಒರೆಸಿ ಹಾಕಿಕೊಂಡಳು. ಕಿಟಕಿಗೆ ಹೋಗಿ ತಿರುಗಿಸಿ ನೋಡಿದಳು, ಉಗುರಿನಿಂದ ಸವರಿದಳು, ಕೆನ್ನೆಗೆ ಒತ್ತಿಕೊಂಡು ನೋಡಿದಳು. ಭಾವ ಉಸಿರು ಬಿಗಿಹಿಡಿದು ನಿಂತಿದ್ದರು.

"ಇಲ್ಲಿ, ಕ್ಲಿಪ್ಪಿನ ಕೆಳಗೆ. ಇನ್ನೊಂದು ಸುತ್ತು ಉಜ್ಜಬೇಕಿತ್ತು. ಒಬ್ಬಳೇ ಆದ್ರೆ ನಿಂಗೆ ಅವಸರ," ಎಂದಳು.

ಅಲ್ಲಿ ಏನೂ ಇರಲಿಲ್ಲ. ನಾನು, "ಹೌದಲ್ವಾ," ಎಂದೆ. ಅವಳು ಹೋಗುವಾಗ ಜೊತೆಗೆ ಒಯ್ದಿದ್ದ ಡಬ್ಬಿಯಿಂದ ನಯವಾದ ಕಾಗದ ತೆಗೆದು ಉಜ್ಜಲು ಕೂತಳು. ಆಮೇಲೆ ಊಟ ಮಾಡಿ, ಭಾವನ ಕೆಮ್ಮಿನ ವಿಷಯ, ಹವೆಯ ವಿಷಯ ಮಾತಾಡುತ್ತಾ ಕೂತೆವು. ನಾಲ್ಕು ಗಂಟೆಯಾಗಿತ್ತು.

ಸ್ಯಾಂಡ್‌ಪೇಪರ್ ತರುವುದು ಮರೆತುಹೋಯಿತು. ಸೋಮವಾರ ಮತ್ತೆ ಹೋಗಬೇಕು.